ಹೇಮಕ್ಕನಿಗೆ ಹೊದಿಸಿದ ಶಾಲು

ಭಾನುವಾರ ಮಧ್ಯಾಹ್ನ ಬೈಕಂಪಾಡಿಯ ಆ ಭಜನಾ ಮಂದಿರದ ಹಿಂದಿನ ಕೋಣೆಯಿಂದ ಏನೋ ಪಟಾರನೆ ಮುರಿದು ಬಿದ್ದ ಸದ್ದು, ಅದರ ಬೆನ್ನಿಗೇ ಮಕ್ಕಳ ಬೊಬ್ಬೆ ಕೇಳಿತೆಂದರೆ ಹೇಮಕ್ಕನ ಕ್ಲಾಸು ಮುಗಿಯಿತು ಎಂದು ಓಣಿಯವರಿಗೆಲ್ಲ ಗೊತ್ತಾಗುತ್ತಿತ್ತು. ಗಂಟೆ ನೋಡಬೇಕಾಗಿರಲಿಲ್ಲ. ಇನ್ನು ಮಕ್ಕಳು ಹಸಿದು ಬಂದಾವು ಎಂದು ಹೆಂಗಸರು ಬಟ್ಟಲು ತೊಳೆದು ಇಡುತ್ತಿದ್ದರು.

ಹೇಮಕ್ಕ ಎಂದರೆ ಹೇಮಾಕ್ಷಿ. ಮದುವೆಯಾಗದೆ ಉಳಿದವಳು, ತಮ್ಮ ಚನಿಯನ ಮನೆಯ ಬದಿಕೋಣೆಯಲ್ಲಿ ಇರುವವಳು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೈಕಂಪಾಡಿಯ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಗೆ ಸೇರಿದ್ದಳು. ಗೇರುಬೀಜಕ್ಕೆ, ಮೀನಿಗೆ, ಐಸ್‌ಕ್ರೀಮಿಗೆ ಬೇಕಾದ ಪೆಟ್ಟಿಗೆಗಳೆಲ್ಲ ಅಲ್ಲಿ ಆಗುತ್ತಿದ್ದವು. ಮೊದಲು ಅಂಟು ಹಚ್ಚುವ ಕೆಲಸ. ಅವಳ ಕೈ ಸ್ತಿಮಿತದಲ್ಲಿದೆ ಎಂದು ಕಂಡ ಸೂಪರ್‌ವೈಸರ್ ಅಲೆಕ್ಸ್, ಅವಳನ್ನು ಪರೀಕ್ಷೆಯ ಮೂಲೆಗೆ ಹಾಕಿದ. ಹೊಸ ನಮೂನೆಯ ಪೆಟ್ಟಿಗೆ ಬಂತೆಂದರೆ ಅದರ ಮೇಲೆ ಉಪ್ಪಿನ ಚೀಲ ಒಂದರ ಮೇಲೊಂದು ಹೇರುವುದು. ಪೆಟ್ಟಿಗೆ ಹೊಟ್ಟೆ ಉಬ್ಬಿಸಿ, ಮೊಣಕಾಲು ಮಡಚಿ ಕೂತುಬಿಡುವವರೆಗೆ ಹೇರುವುದು. ಆಮೇಲೆ ಯಾವ ಮೂಲೆ ಮೊದಲು ಸೋತಿತೋ ಅಲ್ಲಿಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಬರೆದು ಅಲೆಕ್ಸನ ಮೇಜಿನ ಮೇಲೆ ಇಡುವುದು. ಪ್ರಾಯವೆಲ್ಲ ಅದರಲ್ಲೇ ಹೋಯಿತು. ಉಳಿದ ಹೆಂಗಸರು ಪೆಟ್ಟಿಗೆ ಮಾಡಿ ಬದುಕಿದರು, ನಾನು ಮುರಿದು ಬದುಕಿದೆ ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಕಡೆಗೆ ಪರೀಕ್ಷೆ ಮಾಡುವ ಯಂತ್ರವೇ ಬಂತು, ಅಂಟು ಹಚ್ಚುವ ಯಂತ್ರವೂ ಬಂತು, ಹೆಂಗಸರೆಲ್ಲ ಮನೆಗೆ ಬಂದರು.

ಕ್ಲಾಸು ಸುರುವಾದದ್ದು ಬೇಸಗೆಯ ರಜೆಯೊಂದರಲ್ಲಿ. ಮಂದಿರದ ಗೌರವಾಧ್ಯಕ್ಷರು ತ್ರಿವಿಕ್ರಮ ಮಾಷ್ಟ್ರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅಂಗಳದಲ್ಲಿ ಮಕ್ಕಳ ಗಲಾಟೆಗೆ ಅವರಿಗೆ ಪೇಪರು ಓದಲಾಗುತ್ತಿರಲಿಲ್ಲ. ಇವುಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳು ಹೇಮಾಕ್ಷಿ ಎಂದು ಹೇಳಿ ಹಿಂದಿನ ಕೋಣೆಯ ಬಾಗಿಲು ತೆಗೆದುಕೊಟ್ಟರು. ಹೇಮಕ್ಕ ಅವರ ಕೈಯಲ್ಲಿದ್ದ ಪೇಪರನ್ನೇ ಕೇಳಿ ತೆಗೆದುಕೊಂಡಳು. ಮನೆಯಿಂದ ಮೈದಾ ಅಂಟು ಕುದಿಸಿ ತಂದಳು. ಗುಡಿಸುವ ಹಿಡಿಸೂಡಿಯ ಕಡ್ಡಿಗೆ ಪೇಪರು ಬಿಗಿಯಾಗಿ ಸುತ್ತಿ, ಅಂಟು ಹಚ್ಚಿ, ಕಡ್ಡಿಯನ್ನು ಎಳೆದು ತೆಗೆದರೆ ಗಟ್ಟಿ ಕೊಳವೆಯಾಗುತ್ತದೆ ಎಂದು ತೋರಿಸಿದಳು. ಎರಡು ಬೆಂಚು ಎದುರುಬದುರು ಇಟ್ಟು, ಇದರ ನಡುವೆ ಸೇತುವೆಯ ಹಾಗೆ ಒಂದು ಸಂಕ ಕಟ್ಟಿ ಎಂದಳು. ಸಂಕದ ಕೆಳಗೆ ಬಾಲ್ದಿ ತೂಗುಹಾಕಿ ಹೊಯಿಗೆ, ಅಂಗಳದ ಈ ಮರಳು, ಹಾಕುತ್ತೇವೆ, ಯಾರದ್ದು ಎಷ್ಟು ಹೊರುತ್ತದೆ ನೋಡುವ ಎಂದಳು. ರಜೆ ಮುಗಿಯಿತು, ಭಾನುವಾರದ ಅಭ್ಯಾಸ ಉಳಿಯಿತು.

ವಾರಕ್ಕೊಂದು ಸವಾಲು. ಸೋಪಿನ ರಟ್ಟಿನಲ್ಲಿ ದೋಣಿ ಮಾಡಿ ಅದಕ್ಕೆ ಹುಣಸೆಬೀಜ ತುಂಬುವುದು. ಸೈಕಲ್ ಟ್ಯೂಬಿನ ತುಂಡಿನಿಂದ ತಾನೇ ಓಡುವ ಗಾಡಿ ಮಾಡುವುದು. ನೀರಿನ ಟ್ಯಾಂಕಿಯ ಮೇಲಿಂದ ಬಿಟ್ಟರೆ ಟೊಮೆಟೊ ಒಡೆಯದ ಹಾಗೆ ಅಡಿಕೆ ಹಾಳೆಯಲ್ಲಿ, ಥರ್ಮಾಕೋಲಿನಲ್ಲಿ ಗೂಡು ಕಟ್ಟುವುದು. ಬೇರೆ ಊರಿನಲ್ಲಿ ಇದನ್ನು ಮೊಟ್ಟೆಯಲ್ಲಿ ಮಾಡುತ್ತಾರೆ ಎಂದು ಮಕ್ಕಳು ಮೊಬೈಲಿನಲ್ಲಿ ನೋಡಿ ಬಂದಿದ್ದರು. ಮಂದಿರದ ಅಂಗಳಕ್ಕೆ ಮೊಟ್ಟೆ ತರುವ ಹಾಗಿಲ್ಲ, ಆದ್ದರಿಂದ ಹಣ್ಣು ಟೊಮೆಟೊ. ಒಡೆದದ್ದು ಯಾರದ್ದಾದರೂ ಮನೆಯ ಸಾರಿಗೆ ಹೋಗುತ್ತಿತ್ತು.

ಅವಳ ಕಟ್ಟುನಿಟ್ಟು ಒಂದೇ. ಕಟ್ಟಿದ್ದನ್ನು ಕಟ್ಟಿದವರೇ ಮುರಿಯಬೇಕು. ಸಂಕ ಚೆಂದ ಉಂಟು ಎಂದು ಮನೆಗೆ ಕೊಂಡುಹೋಗುವ ಹಾಗಿಲ್ಲ. ಕಟ್ಟಿದ ಮಗುವೇ ಕರಟದಲ್ಲಿ ಹೊಯಿಗೆ ತೆಗೆದು ಬಾಲ್ದಿಗೆ ಹಾಕುತ್ತಾ ಹೋಗಬೇಕು. ಅದು ಮುರಿಯುವಾಗ ಉಳಿದವರು ಬಾಯಿಮುಚ್ಚಿ ನೋಡಬೇಕು. ಮುರಿದ ಮೇಲೆ ಎಷ್ಟು ಬೊಬ್ಬೆ ಹಾಕಿದರೂ ಅಡ್ಡಿಯಿಲ್ಲ. ಆಮೇಲೆ ಮುರಿದ ತುಂಡನ್ನು ಮಧ್ಯದಲ್ಲಿಟ್ಟು ಎಲ್ಲರೂ ಬಗ್ಗಿ ಕೂತು ನೋಡುವುದು. ಗಂಟು ಬಿಚ್ಚಿಕೊಂಡಿತೇ, ಕೊಳವೆ ಮಡಚಿತೇ, ಒಂದು ಬದಿ ಗಿಡ್ಡವಿತ್ತೇ. ನೋಡಿಯಾದ ಮೇಲೆ ಆ ತುಂಡುಗಳನ್ನು ಹೇಮಕ್ಕ ಒಂದು ಗೋಣಿಗೆ ತುಂಬಿ ಕೋಣೆಯ ಮೂಲೆಗಿಡುತ್ತಿದ್ದಳು. ಸೋತವರನ್ನು ಕೆಣಕುವುದಕ್ಕೂ ತಡೆಯಿರಲಿಲ್ಲ. ಕೌಶಲನ ಸಂಕ ಬಾಲ್ದಿಯನ್ನು ನೋಡಿಯೇ ಹೆದರಿ ಬಿತ್ತು ಎಂದು ಮಕ್ಕಳು ಒಂದು ತಿಂಗಳು ಹಾಡಿದರು. ಮುಂದಿನ ಸಲ ಅವನದ್ದು ಎಲ್ಲರಿಗಿಂತ ಹೆಚ್ಚು ಹೊತ್ತಿತು. ಬಹುಮಾನವೂ ಇಲ್ಲ, ಚಪ್ಪಾಳೆಯೂ ಇಲ್ಲ. ಹೇಮಕ್ಕನ ನಾಲಿಗೆಯೂ ಸಿಹಿಯಾಗಿರಲಿಲ್ಲ. ಅಸಡ್ಡೆ ಮಾಡಿದವರನ್ನು ಬೈಯುತ್ತಿದ್ದಳು, ಅಳುವವರನ್ನು ಸಮಾಧಾನ ಮಾಡುತ್ತಿರಲಿಲ್ಲ. ಅತ್ತು ಮುಗಿಸಿ ಬಾ ಎಂದು ಬಾಗಿಲು ತೋರಿಸುತ್ತಿದ್ದಳು.

ಅವಳಿಗಿದ್ದ ದೊಡ್ಡ ಕಷ್ಟ ಜಾಗದ್ದು. ಕಾರ್ಖಾನೆಯಿಂದ ಅಲೆಕ್ಸ್ ಕೆಟ್ಟುಹೋದ ರಟ್ಟಿನ ಹಾಳೆಗಳನ್ನು ಕಟ್ಟುಕಟ್ಟಿಸಿ ಕೊಡುತ್ತಿದ್ದ. ಮಕ್ಕಳು ಬಾಟಲಿ ಮುಚ್ಚಳ, ನೂಲಿನ ಉಂಡೆ, ಮುರಿದ ಕೊಡೆಯ ಕಡ್ಡಿ ಎಲ್ಲ ತರುತ್ತಿದ್ದರು. ಇದನ್ನೆಲ್ಲ ಇಡುವುದು ಎಲ್ಲಿ? ಮಂದಿರದ ಕೋಣೆ ಸಿಗುವುದು ಭಾನುವಾರ ಬೆಳಗ್ಗೆ ಮಾತ್ರ. ವಾರದಲ್ಲಿ ಯಾರೋ ಪೆಂಡಾಲಿನ ಕುರ್ಚಿ ತಂದು ರಾಶಿ ಹಾಕುತ್ತಿದ್ದರು, ಯಾರೋ ಚೆಂಡೆಯ ಸೆಟ್ಟು ಇಡುತ್ತಿದ್ದರು, ಅದರಡಿಗೆ ಸಿಕ್ಕಿದ ರಟ್ಟು ಅಪ್ಪಚ್ಚಿ. ಮನೆಯಲ್ಲಿಟ್ಟರೆ ತಮ್ಮನ ಹೆಂಡತಿ ಸುಗಂಧಿ ಅದನ್ನು ಬಚ್ಚಲ ಒಲೆಗೆ ತುರುಕುತ್ತಿದ್ದಳು. ಕೇಳಿದರೆ, ನಿಮಗೂ ಬಿಸಿನೀರು ಬೇಡವಾ ಅಕ್ಕ ಎನ್ನುತ್ತಿದ್ದಳು. ಆದ್ದರಿಂದ ಹೇಮಕ್ಕನಿಗೆ ಬೇಕಿದ್ದದ್ದು ಒಂದೇ ಒಂದು: ಆ ಹಿಂದಿನ ಕೋಣೆ ಕ್ಲಾಸಿಗೆಂದೇ ಸಿಗಬೇಕು, ಗೋಡೆಗೆ ಎರಡು ಹಲಗೆ ಹೊಡೆಸಬೇಕು, ಬೀಗದ ಕೈ ಅವಳ ಹತ್ತಿರ ಇರಬೇಕು. ಅದನ್ನು ಅವಳು ಕಮಿಟಿಯವರ ಹತ್ತಿರ ಎರಡು ವರ್ಷದಿಂದ ಕೇಳುತ್ತಿದ್ದಳು. ನೋಡುವ ನೋಡುವ ಎಂದು ಅವರೂ ಎರಡು ವರ್ಷದಿಂದ ಹೇಳುತ್ತಿದ್ದರು.

ಕಮಿಟಿಯ ಕಾರ್ಯದರ್ಶಿ ಜಿತೇಶ. ದೋಹಾದಲ್ಲಿ ಹತ್ತು ವರ್ಷ ದುಡಿದು ಬಂದು ಈಗ ಮನೆಗಳಿಗೆ ಒಳಗಿನ ಅಲಂಕಾರ ಮಾಡಿಸಿಕೊಡುವ ವ್ಯವಹಾರ ಇಟ್ಟುಕೊಂಡವನು. ಕೈ ಧಾರಾಳ, ಮಾತು ಸಿಹಿ, ಯಾರಿಗೂ ಇಲ್ಲ ಎಂದು ಮುಖಕ್ಕೆ ಹೇಳಿದವನಲ್ಲ. ಅವನ ಮಗಳು ತೃಷಾ ಹೇಮಕ್ಕನ ಕ್ಲಾಸಿನ ಹುಡುಗಿ. ಮಾತು ಕಡಿಮೆ, ನೋಡುವುದು ಹೆಚ್ಚು. ಮುರಿದ ತುಂಡಿನ ಹತ್ತಿರ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವವಳು ಅವಳೇ. ಹೇಮಕ್ಕ ಬಾಯಿ ಬಿಟ್ಟು ಹೇಳಿದವಳಲ್ಲ, ಆದರೆ ಭಾನುವಾರ ತೃಷಾ ಬಾರದಿದ್ದರೆ ಅವಳಿಗೆ ಕ್ಲಾಸು ಸಪ್ಪೆ.

ಆ ತೃಷಾ ಒಮ್ಮೆ ಮೂರು ವಾರ ಕೂತು ಒಂದು ಸಂಕ ಕಟ್ಟಿದಳು. ಪೇಪರಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿ, ಗಂಟುಗಂಟಿಗೂ ಗೋಣಿನೂಲು ಸುತ್ತಿ, ಕೂಳೂರಿನ ಹೊಳೆಗೆ ಹಾಕಬಹುದಾದಂಥ ಸಂಕ. ಸುದ್ದಿ ತಿಳಿದು ಜಿತೇಶನೂ ಹೆಂಡತಿಯೂ ಮೊಬೈಲು ಹಿಡಿದು ಬಂದರು. ಫೋಟೊ ಆಯಿತು. ಇನ್ನು ಮನೆಯ ಶೋಕೇಸಿಗೆ ಎಂದು ಜಿತೇಶ ಕೈ ಹಾಕುವಷ್ಟರಲ್ಲಿ ತೃಷಾ ಬಾಲ್ದಿ ತೂಗುಹಾಕಿಯಾಗಿತ್ತು. ಕರಟದ ಮೇಲೆ ಕರಟ ಹೊಯಿಗೆ ಹೋಯಿತು. ಬಾಲ್ದಿ ತುಂಬಿತು, ಇನ್ನೊಂದು ಬಾಲ್ದಿ ಕಟ್ಟಿದರು. ಕಡೆಗೆ ನಡುವಿನ ಒಂದು ಗಂಟು ಜಾರಿತು, ಸಂಕ ಮಡಚಿ ಹೊಯಿಗೆಯ ಮೇಲೆ ಬಿತ್ತು. ತೃಷಾ ಕೈತಟ್ಟಿ ನಕ್ಕಳು. ಜಿತೇಶನ ಮುಖ ಮಾತ್ರ ಸಣ್ಣದಾಯಿತು.

"ಅಷ್ಟು ಚೆಂದ, ಅಷ್ಟು ಪೊರ್ಲು ಮಾಡಿದ್ದನ್ನು ಮುರಿಸುವುದು ಯಾಕೆ ಹೇಮಕ್ಕ?"

"ಮುರಿಯದಿದ್ರೆ ಅದು ಎಷ್ಟು ಹೊರ್ತದೆ ಅಂತ ಅವಳಿಗೆ ಗೊತ್ತಾಗುವುದು ಹೇಗೆ?"

"ಗೊತ್ತಾಗಿ ಎಂತ ಆಗ್ಲಿಕ್ಕುಂಟು? ಅವಳೆಂತ ಲಾರಿ ಬಿಡ್ಲಿಕ್ಕುಂಟಾ ಅದರ ಮೇಲೆ? ನಾಲ್ಕು ಜನ ನೋಡುವ ಹಾಗೆ ಒಂದು ಸಾಮಾನು ಇರ್ತಿತ್ತು."

ಜಾರಿದ ಗಂಟನ್ನು ತೃಷಾ ಆಗಲೇ ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಹೇಮಕ್ಕನ ಕಣ್ಣು ಅಲ್ಲಿತ್ತು.

ಅಲ್ಲಿಂದ ಒಂದೊಂದೇ ಮಾತು ಸುರುವಾಯಿತು. ಮಕ್ಕಳು ಇಷ್ಟು ವಾರ ಹೋಗಿಯೂ ಮನೆಗೆ ತಂದದ್ದು ಏನೂ ಇಲ್ಲ ಎಂದು ತಾಯಂದಿರು ಹೇಳಿಕೊಂಡರು. ದೇವರ ಬೆನ್ನಿಗೇ ವಾರವಾರ ಮುರಿಯುವ ಸದ್ದು ಒಳ್ಳೆಯದಲ್ಲ ಎಂದು ಹಿರಿಯರೊಬ್ಬರು ಭಜನೆ ಮುಗಿಸಿ ಏಳುವಾಗ ಹೇಳಿದರು. ಬೇರೆ ಓಣಿಯ ಮಕ್ಕಳು ರಿಮೋಟಿನ ಕಾರು ಮಾಡುತ್ತಾರೆ, ನಮ್ಮವು ಇನ್ನೂ ಪೇಪರು ಸುತ್ತುತ್ತಿವೆ ಎಂದು ಯಾರೋ ವಾಟ್ಸಾಪಿನಲ್ಲಿ ಹಾಕಿದರು. ಹೇಮಕ್ಕನ ಕಿವಿಗೆ ಎಲ್ಲವೂ ಬೀಳುತ್ತಿತ್ತು. ಹೇಳುವವರು ಹೇಳಲಿ, ಮಕ್ಕಳು ಬರುತ್ತಾರಲ್ಲ ಎಂದುಕೊಂಡಳು.

ಮಂದಿರದ ವಾರ್ಷಿಕೋತ್ಸವ ಹತ್ತಿರ ಬಂದಾಗ ಜಿತೇಶ ಇಬ್ಬರನ್ನು ಕಟ್ಟಿಕೊಂಡು ಚನಿಯನ ಮನೆಗೆ ಬಂದ. ಕೈಯಲ್ಲಿ ಅರಶಿನ ಹಚ್ಚಿದ ಕಾಗದ. ಈ ಸಲ ಕಮಿಟಿ ಹೇಮಕ್ಕನಿಗೆ ಸನ್ಮಾನ ಮಾಡುವುದೆಂದು ನಿಶ್ಚಯ ಮಾಡಿದೆ, ಮನೆಯವರೆಲ್ಲ ಬರಬೇಕು ಎಂದ. ಸುಗಂಧಿ ಗಡಿಬಿಡಿಯಲ್ಲಿ ಶರಬತ್ತು ಮಾಡಿ ತಂದಳು. ಹೇಮಕ್ಕನ ಹೆಸರನ್ನು ಈವರೆಗೆ ಯಾರೂ ಮೈಕಿನಲ್ಲಿ ಕರೆದದ್ದಿಲ್ಲ. ಕಾರ್ಖಾನೆ ಬಿಟ್ಟ ದಿವಸ ಸಹ ಗೇಟಿನಲ್ಲಿ ಸಹಿ ಹಾಕಿಸಿಕೊಂಡು ಕಳಿಸಿದ್ದರು, ಅಷ್ಟೆ.

"ಆ ಕೋಣೆಯ ವಿಷಯ ಎಂತಾಯ್ತು ಜಿತೇಶ?" ಎಂದು ಕೇಳಿದಳು.

"ಅದನ್ನೇ ಅವತ್ತು ಸ್ಟೇಜಿನಲ್ಲಿ ಅನೌನ್ಸ್ ಮಾಡ್ಲಿಕ್ಕುಂಟು ಹೇಮಕ್ಕ. ನೀವು ಮಂಡೆಬಿಸಿ ಮಾಡ್ಬೇಡಿ. ಕೋಣೆಗೆ ಟೈಲ್ಸ್ ಹಾಕಿಸ್ತೇವೆ, ಹಲಗೆಯೂ ಬರ್ತದೆ, ಕ್ಲಾಸಿಗೇ ಆ ಕೋಣೆ."

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಹೇಮಕ್ಕ ಆ ದಿವಸ ಸಂಜೆ ಹಲಗೆ ಎಷ್ಟು ಎತ್ತರದಲ್ಲಿದ್ದರೆ ಸಣ್ಣ ಮಕ್ಕಳ ಕೈಗೆ ಸಿಗುತ್ತದೆ ಎಂದು ಗೋಡೆಗೆ ಕೈಯಿಟ್ಟು ಅಳೆದು ನೋಡಿದಳು. ಸುಗಂಧಿ ಅವತ್ತಿನಿಂದ ರಟ್ಟು ಮುಟ್ಟಲಿಲ್ಲ. ಸನ್ಮಾನ ಆಗುವವರ ರಟ್ಟು ಅದು.

ಹೊರಡುವಾಗ ಜಿತೇಶ ಒಂದು ಮಾತು ಸೇರಿಸಿದ್ದ. ಉತ್ಸವದ ದಿವಸ ಸಭಾಂಗಣದ ಬದಿಯಲ್ಲಿ ಮೇಜು ಹಾಕುತ್ತೇವೆ, ಮಕ್ಕಳು ಮಾಡಿದ್ದನ್ನೆಲ್ಲ ಇಡಬೇಕು, ಬಂದವರು ನೋಡಬೇಕು. ಇಡುವುದಕ್ಕೆ ಏನೂ ಉಳಿದಿಲ್ಲ ಎಂದು ಅವಳು ಹೇಳಿದಳು. ಹೊಸದಾಗಿ ಮಾಡಿಸಿ, ಈ ಒಂದು ಸಲ ಮುರಿಸಬೇಡಿ ಎಂದು ಅವನು ಕೈಮುಗಿದ. ಕೋಣೆ ಕೊಡುವವರು ಕೇಳುತ್ತಿದ್ದಾರೆ. ಒಂದು ಸಲ ತಾನೇ? ಆಗಲಿ ಎಂದಳು.

ಮುಂದಿನ ಭಾನುವಾರಗಳು ಬೇರೆ ಥರದವು. ಮಕ್ಕಳು ಗೋಪುರ ಕಟ್ಟಿದರು, ಸಂಕ ಕಟ್ಟಿದರು, ಬಂದರಿನ ಕ್ರೇನು ಕಟ್ಟಿದರು. ಮುರಿಯಲಿಕ್ಕಿಲ್ಲ ಎಂದು ಗೊತ್ತಾದ ಕೂಡಲೇ ಕೈ ಸಡಿಲಾಯಿತು. ಎರಡು ಸುತ್ತು ಸುತ್ತುವಲ್ಲಿ ಒಂದು ಸುತ್ತು ಸುತ್ತಿದರು. ಗಂಟು ಹಾಕುವ ಬದಲು ಟೇಪು ಅಂಟಿಸಿ, ಟೇಪಿನ ಮೇಲೆ ಬಣ್ಣದ ಕಾಗದ ಅಂಟಿಸಿದರು. ತಾಯಂದಿರು ಮಿಂಚಿನ ಪುಡಿ, ಪುಟ್ಟ ಬಾವುಟ ಕೊಟ್ಟು ಕಳಿಸಿದರು. ಒಳಗೆ ಪೊಳ್ಳಾಗಿರುವುದು ಹೇಮಕ್ಕನಿಗೆ ದೂರದಿಂದಲೇ ಕಾಣುತ್ತಿತ್ತು. ಬಾಯಿಗೆ ಬಂದ ಬೈಗುಳವನ್ನು ನುಂಗಿ ಅಂಟಿನ ಗಿಂಡಿ ಕದಡುತ್ತಾ ಕೂತಳು. ಮಕ್ಕಳು ಜಗಳವಾಡಲಿಲ್ಲ, ಕೆಣಕಲಿಲ್ಲ, ಬೊಬ್ಬೆ ಹಾಕಲಿಲ್ಲ. ಹೊರಗಿನವರು ಇಣುಕಿ ನೋಡಿ, ಈಗ ಕ್ಲಾಸು ಕ್ಲಾಸಿನ ಹಾಗೆ ಉಂಟು ಎಂದು ಮೆಚ್ಚಿಕೊಂಡು ಹೋದರು.

ತೃಷಾ ಮಾತ್ರ ಕೇಳಿದಳು. "ಹೇಮಕ್ಕ, ಇದನ್ನು ಮುರಿಯುವುದು ಯಾವಾಗ?"

"ಈ ಸಲ ಬೇಡ."

"ಮತ್ತೆ ಕಟ್ಟುವುದು ಯಾಕೆ?"

"ನೋಡ್ಲಿಕ್ಕೆ," ಎಂದಳು ಹೇಮಕ್ಕ. ಆ ಮಾತು ಬಾಯಿಂದ ಹೊರಟದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಹುಡುಗಿ ಮತ್ತೆ ಏನೂ ಕೇಳಲಿಲ್ಲ. ಉತ್ಸವದ ಹಿಂದಿನ ಎರಡು ವಾರ ಕ್ಲಾಸಿಗೇ ಬರಲಿಲ್ಲ. ಪರೀಕ್ಷೆ ಇರಬೇಕು ಎಂದುಕೊಂಡಳು ಹೇಮಕ್ಕ.

ಆ ನಡುವೆ ಒಂದು ದಿವಸ ಮಾಷ್ಟ್ರ ಹೆಂಡತಿ ಪಂಕಜಾಕ್ಷಿಯಮ್ಮ ಅವಳನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿದರು. ತುಳಸಿಗೆ ನೀರು ಹಾಕುತ್ತಾ, ಮುಖ ನೋಡದೆ ಕೇಳಿದರು.

"ನಮ್ಮ ಮಂದಿರದಲ್ಲಿ ಇಷ್ಟು ವರ್ಷ ಶಾಲು ಹೊದಿಸಿದ್ದು ಯಾರ್ಯಾರಿಗೆ, ನೆನಪುಂಟಾ ಹೇಮ?"

ಹೇಮಕ್ಕ ನೆನಪು ಮಾಡಿ ಹೇಳಿದಳು. ಇಸ್ಮಾಯಿಲ್ ಬ್ಯಾರಿಯ ಲಾರಿಯಲ್ಲಿ ಉತ್ಸವದ ಸಾಮಾನು ತರುತ್ತಿದ್ದ ಡ್ರೈವರ್ ಝೇವಿಯರ್, ಕಣ್ಣು ಕಾಣದಾಗಿ ಕೆಲಸ ಬಿಟ್ಟ ವರ್ಷ. ಹಾರ್ಮೋನಿಯಂ ಬಾರಿಸುತ್ತಿದ್ದವರು, ಕೈ ನಡುಗಲು ಸುರುವಾದ ವರ್ಷ. ಮಾಷ್ಟ್ರಿಗೆ, ಅಧ್ಯಕ್ಷರ ಕುರ್ಚಿಯಿಂದ ಇಳಿಸಿ ಗೌರವಾಧ್ಯಕ್ಷರು ಎಂದು ಮಾಡಿದ ವರ್ಷ.

"ನಾನು ಹೆಚ್ಚು ಹೇಳುವುದಿಲ್ಲ," ಎಂದರು ಪಂಕಜಾಕ್ಷಿಯಮ್ಮ. "ಸನ್ಮಾನಪತ್ರ ಬರೆಯುವವರು ನಮ್ಮವರೇ. ಅವರ ಬಾಯಿ ಕಟ್ಟಿದ್ದಾರೆ."

ಹೇಮಕ್ಕ ನಕ್ಕು, ನಂಗೆ ಕಣ್ಣು ಸರಿ ಉಂಟು, ಕೈಯೂ ಸರಿ ಉಂಟು ಅಮ್ಮ ಎಂದು ಹೇಳಿ ಮನೆಗೆ ಬಂದಳು. ದಾರಿಯಲ್ಲಿ, ಗಂಡನಿಗೆ ಸಿಕ್ಕಿದ್ದ ಮರ್ಯಾದೆ ಈಗ ನನಗೂ ಸಿಗುತ್ತದಲ್ಲ, ಅದು ಈಯಮ್ಮನಿಗೆ ತಡೆಯುವುದಿಲ್ಲ ಎಂದೂ ಎಣಿಸಿದಳು. ಬದುಕಿನಲ್ಲಿ ಮೊದಲ ಸಲ ಶಾಲು ಬರುವವರಿಗೆ ಶಾಲಿನ ಒಳಗುಟ್ಟು ಎಲ್ಲಿಂದ ಗೊತ್ತಾಗಬೇಕು.

ಉತ್ಸವದ ವಾರ ಟೈಲ್ಸಿನ ಕೆಲಸಕ್ಕೆಂದು ಹಿಂದಿನ ಕೋಣೆಗೆ ಬೀಗ ಹಾಕಿದ್ದರು. ಉತ್ಸವದ ಸಂಜೆ ಬಂತು. ಹೇಮಕ್ಕ ಗಂಜಿ ಹಾಕಿದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಬದಿಯ ಮೇಜಿನ ಮೇಲೆ ಮಕ್ಕಳ ಗೋಪುರ, ಸಂಕ, ಕ್ರೇನು ಎಲ್ಲ ಮಿಂಚುತ್ತಿದ್ದವು. ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮುಟ್ಟಬಾರದು ಎಂದು ಒಂದು ಚೀಟಿ ಅಂಟಿಸಿದ್ದರು.

ಹೆಸರು ಕರೆದರು. ಕುರ್ಚಿಯಲ್ಲಿ ಕೂರಿಸಿದರು. ಶಾಲು ಬಂತು, ಏಲಕ್ಕಿ ಹಾರ ಬಂತು, ಬಣ್ಣದ ಪ್ಲಾಸ್ಟಿಕಿನಲ್ಲಿ ಕಟ್ಟಿದ ಹಣ್ಣಿನ ಬುಟ್ಟಿ ಬಂತು. ಸನ್ಮಾನಪತ್ರ ಓದಲಿಕ್ಕೆ ತೃಷಾ ಮೈಕಿನ ಎದುರು ಬಂದು ನಿಂತಾಗ ಹೇಮಕ್ಕನ ಕಣ್ಣು ತುಂಬಿತು. ಮಾಷ್ಟ್ರ ಕನ್ನಡ ಭಾರವಾದ ಕನ್ನಡ. ಸರಸ್ವತಿ, ದೀಪ, ಶ್ರೀಗಂಧ ಎಲ್ಲ ಬಂದವು. ಹುಡುಗಿ ತಲೆ ಎತ್ತದೆ ಓದುತ್ತಿದ್ದಳು.

"ಬಾಲಕ ಬಾಲಕಿಯರಿಗೆ ದೀರ್ಘಕಾಲ ನಿಸ್ವಾರ್ಥ ಸೇವೆ ಸಲ್ಲಿಸಿ, ಇದೀಗ ವಿಶ್ರಾಂತ ಜೀವನಕ್ಕೆ ಪದಾರ್ಪಣೆ ಮಾಡುತ್ತಿರುವ ಶ್ರೀಮತಿ ಹೇಮಾಕ್ಷಿಯವರೇ..."

ಮದುವೆಯಾಗದವಳನ್ನು ಶ್ರೀಮತಿ ಎಂದದ್ದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೇಮಕ್ಕನಿಗೆ ಅದು ಕೇಳಲಿಲ್ಲ. ಅವಳ ಕಿವಿ ಅದಕ್ಕಿಂತ ಹಿಂದಿನ ಮಾತಿನಲ್ಲೇ ನಿಂತುಬಿಟ್ಟಿತ್ತು. ವಿಶ್ರಾಂತ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ತಾನು ಯಾವಾಗ ಹಾಗೆ ಹೇಳಿದೆ? ಯಾರ ಹತ್ತಿರ ಹೇಳಿದೆ? ಬದಿಗೆ ತಿರುಗಿ ಮಾಷ್ಟ್ರನ್ನು ನೋಡಿದಳು. ಅವರು ಹಣ್ಣಿನ ಬುಟ್ಟಿಯನ್ನು ನೋಡುತ್ತಿದ್ದರು.

ಆಮೇಲೆ ಜಿತೇಶ ಮೈಕು ಹಿಡಿದ. ಹಿಂದಿನ ಕೋಣೆಗೆ ಟೈಲ್ಸ್ ಹಾಕಿಸಿ ಆಗಿದೆ ಎಂದ. ಫ್ಯಾನು, ಹಲಗೆ, ಗಾಜಿನ ಬಾಗಿಲು ಎಲ್ಲ ಆಗಿದೆ. ಬಜಪೆಯ ಕಡೆಯಿಂದ ತರಬೇತಿಯಾದ ಇಬ್ಬರು ಹುಡುಗರು ಬರುವ ಭಾನುವಾರದಿಂದ ನಮ್ಮ ಮಕ್ಕಳಿಗೆ ರೋಬೋಟು ಮಾಡಲು ಕಲಿಸುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಕಿಟ್ಟು, ಹೇಮಕ್ಕ ಹಾಕಿಕೊಟ್ಟ ಅಡಿಪಾಯದ ಮೇಲೆ ನಾವು ಮಾಳಿಗೆ ಕಟ್ಟುತ್ತಿದ್ದೇವೆ ಎಂದ. ಚಪ್ಪಾಳೆ ಜೋರಾಗಿ ಬಿತ್ತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಅವನು ಮನಸಾರೆ ನಂಬಿದ್ದ.

ಸೆಕೆಯಲ್ಲಿ ಶಾಲು ಬೆನ್ನಿಗೆ ಅಂಟಿತ್ತು. ಹೇಮಕ್ಕ ಎರಡು ಮಾತು ಹೇಳಬೇಕು ಎಂದು ಮೈಕು ತಂದು ಅವಳ ಬಾಯಿಗೆ ಹಿಡಿದರು. ಅವಳು ಒಂದು ವಾರದಿಂದ ನೆನಪಿಟ್ಟುಕೊಂಡಿದ್ದ ಮಾತುಗಳಿದ್ದವು, ಕೋಣೆ ಕೊಟ್ಟದ್ದಕ್ಕೆ ಉಪಕಾರದ ಮಾತುಗಳು. ಅವನ್ನು ಈಗ ಹೇಳುವ ಹಾಗಿಲ್ಲ. ಬೇರೆ ಮಾತು ಜೋಡಿಸಲಿಕ್ಕೆ ಹೊತ್ತಿಲ್ಲ.

"ಆ ಕೋಣೆಯಲ್ಲಿ ನನ್ನ ರಟ್ಟು ಇತ್ತು," ಎಂದಳು. "ಮಕ್ಕಳದ್ದು ಮುರಿದ ಸಂಕ ಎಲ್ಲ ಒಂದು ಗೋಣಿಯಲ್ಲಿ ಕಟ್ಟಿ ಇಟ್ಟಿದ್ದೆ. ಅದನ್ನು ಎಂತ ಮಾಡಿದ್ದೀರಿ?"

ಸಭೆ ಗೊಳ್ಳೆಂದು ನಕ್ಕಿತು. ಹೇಮಕ್ಕ ಯಾವಾಗಲೂ ಹೀಗೇ, ಮಾತಿನಲ್ಲೇ ಕುಟ್ಟುವವಳು ಎಂದು ಜನಕ್ಕೆ ಖುಷಿಯಾಯಿತು. ಜಿತೇಶನೂ ನಗುತ್ತಲೇ ಹತ್ತಿರ ಬಗ್ಗಿ ಉತ್ತರ ಕೊಟ್ಟ. ಅದೂ ಮೈಕಿನಲ್ಲೇ ಕೇಳಿತು.

"ಕಾರ್ಪೊರೇಶನಿನ ಗಾಡಿಗೆ ಕೊಟ್ಟಾಯ್ತು ಹೇಮಕ್ಕ. ಎಲ್ಲ ಕ್ಲೀನ್ ಮಾಡಿಸಿದ್ದೇವೆ."

ಇನ್ನೊಮ್ಮೆ ಚಪ್ಪಾಳೆ ಬಿತ್ತು. ಹೇಮಕ್ಕ ಕೈಮುಗಿದು ಕೂತಳು.

ಊಟದ ಸಾಲಿನಲ್ಲಿ ಮಾಷ್ಟ್ರು ಎಲೆ ಬಿಟ್ಟು ಎದ್ದು ಬಂದರು. ಪತ್ರ ಹೇಗಾಯಿತು ಎಂದು ಕೇಳಿದರು.

"ಒಳ್ಳೆದಾಗಿ ಬರ್ದಿದ್ದೀರಿ ಮಾಷ್ಟ್ರೇ. ಸತ್ತವರ ಮನೆಯಲ್ಲಿ ಓದುವ ಹಾಗೆ ಇತ್ತು."

ಮಾಷ್ಟ್ರು, ಪಾಯಸ ಹಾಕಿಸಿಕೊ ಹೇಮಾಕ್ಷಿ ಎಂದು ಹೇಳಿ ಹೋದರು.

ಚಪ್ಪಲಿ ಹುಡುಕುವಲ್ಲಿ ತೃಷಾ ಸಿಕ್ಕಿದಳು. ಜರಿಯ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ಹೇಮಕ್ಕನಿಗೆ ಅವಳನ್ನು ಬೈಯುವ ಮನಸ್ಸಿರಲಿಲ್ಲ. ಓದಿದ್ದು ಸ್ಪಷ್ಟ ಇತ್ತು ಎಂದಳು.

"ನಂಗೆ ಮೊದಲೇ ಓದ್ಲಿಕ್ಕೆ ಕೊಟ್ಟಿದ್ರು ಹೇಮಕ್ಕ. ಎರಡು ವಾರ ಮೊದಲು. ನಿಮ್ಮ ಹತ್ರ ಹೇಳ್ಬಾರ್ದು ಅಂತ ಪಪ್ಪ ಹೇಳಿದ್ರು."

"ಹೌದಾ," ಎಂದಳು ಹೇಮಕ್ಕ. ಶಾಲು, ಚಪ್ಪಾಳೆ, ಕಾರ್ಪೊರೇಶನ್ ಗಾಡಿ, ಇದು ಯಾವುದೂ ಅಷ್ಟು ನಾಟಿರಲಿಲ್ಲ. ಕ್ಲಾಸಿನ ಮಕ್ಕಳೊಳಗೆ ಮುಚ್ಚಿಡುವ ಮಾತೇ ಇರಲಿಲ್ಲ. ಎಲ್ಲಿ ತಪ್ಪಿತೆಂದು ಎಲ್ಲರ ಎದುರು ತೋರಿಸಲಿಕ್ಕೇ ಅವರು ಕೂರುತ್ತಿದ್ದದ್ದು. ಆ ಹುಡುಗಿ ಎರಡು ವಾರ ಮನೆಯಲ್ಲಿ ಕೂತು ಒಂದು ಸುಳ್ಳನ್ನು ಕಾದಿದ್ದಳು. ಅದಕ್ಕೆ ಮೊದಲು, ನೋಡಲಿಕ್ಕೆಂದೇ ಕಟ್ಟಬಹುದು ಎಂದು ಅವಳಿಗೆ ಹೇಳಿಕೊಟ್ಟವರು ಯಾರು ಎಂದು ಹೇಮಕ್ಕ ಬೇರೆಯವರನ್ನು ಕೇಳಬೇಕಾಗಿರಲಿಲ್ಲ.

ಮನೆಗೆ ಬಂದ ಮೇಲೆ ಸುಗಂಧಿ ಹಣ್ಣಿನ ಬುಟ್ಟಿ ಬಿಚ್ಚಿದಳು. ಮೇಲಿನ ಸೇಬು ಬಿಟ್ಟರೆ ಕೆಳಗೆಲ್ಲ ಬೈಹುಲ್ಲು. ಕಮಿಟಿಯವರ ಮೇಲೆ ಅವಳಿಗೆ ಸಿಟ್ಟು ಬಂತು, ಹೇಮಕ್ಕನಿಗೆ ಬರಲಿಲ್ಲ.

ಹೊಸ ಕ್ಲಾಸು ಸುರುವಾಯಿತು. ಹುಡುಗರು ಕೆಟ್ಟವರಲ್ಲ, ಸೌಮ್ಯವಾಗಿ ಮಾತಾಡುವವರು. ಕಿಟ್ಟಿನ ಪೆಟ್ಟಿಗೆಯೊಳಗೆ ಒಂದೊಂದು ತುಂಡಿಗೂ ಒಂದೊಂದು ನಂಬರು, ಯಾವುದಕ್ಕೆ ಯಾವುದು ಸೇರಿಸಬೇಕೆಂದು ಚಿತ್ರ ಉಂಟು. ಸೇರಿಸಿದರೆ ಗಾಡಿ ಓಡುತ್ತದೆ, ಎಲ್ಲರದ್ದೂ ಒಂದೇ ಥರ ಓಡುತ್ತದೆ. ವೀಡಿಯೊ ತೆಗೆದು ತಾಯಂದಿರಿಗೆ ಕಳಿಸುತ್ತಾರೆ. ಕ್ಲಾಸು ಮುಗಿಯುವಾಗ ಪುನಃ ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಾರೆ. ಇದರ ಮೇಲೆ ಇಟ್ಟಿಗೆ ಇಟ್ಟರೆ ಏನಾಗುತ್ತದೆ ಎಂದು ತೃಷಾ ಕೇಳಿದಳಂತೆ. ಕಿಟ್ಟು ಹಾಳಾಗುತ್ತದೆ ಪುಟ್ಟಾ ಎಂದು ಹುಡುಗರು ಹೇಳಿದರಂತೆ. ಅವಳು ಮತ್ತೆ ಕೇಳಲಿಲ್ಲವಂತೆ. ಇದನ್ನು ಪಂಕಜಾಕ್ಷಿಯಮ್ಮ ಹೇಳಿದ್ದು. ಹೇಮಕ್ಕನಿಗೆ ಬೇಸರವಾದೀತೆಂದು ಕೆಲವು ದಿನ ಬಿಟ್ಟು ಹೇಳಿದರು.

ಅಲೆಕ್ಸ್ ಫೋನು ಮಾಡಿ, ರಟ್ಟು ಕಟ್ಟಿಟ್ಟಿದ್ದೇನೆ, ಯಾವಾಗ ಬರುತ್ತೀ ಎಂದು ಕೇಳಿದ. ಬೇಡ, ನಾನು ನಿವೃತ್ತಿಯಾದೆ ಎಂದಳು. ಸಂಬಳವೇ ಇಲ್ಲದ ಕೆಲಸಕ್ಕೆ ನಿವೃತ್ತಿ ಎಂತದ್ದು ಮಾರಾಯ್ತಿ ಎಂದು ಅವನು ನಕ್ಕ. ಅದನ್ನು ನನ್ನ ಹತ್ತಿರ ಕೇಳಬೇಡ ಎಂದು ಫೋನು ಇಟ್ಟಳು.

ತಿಂಗಳು ಕಳೆದಿರಬೇಕು, ಜಿತೇಶ ಮನೆಗೆ ಬಂದ. ಹೇಮಕ್ಕ ಸುಮ್ಮನೆ ಕೂತಿರುವುದು ಅವನ ಮನಸ್ಸಿಗೆ ಕೊರೆಯುತ್ತಿತ್ತು. ಅದಕ್ಕೆ ಅವನೊಂದು ದಾರಿ ಕಂಡುಕೊಂಡಿದ್ದ. ಕ್ಲಾಸು ಮುಗಿದ ಮೇಲೆ ಕೋಣೆ ಗುಡಿಸಿ ಒರೆಸಲಿಕ್ಕೆ ಒಬ್ಬರು ಬೇಕು. ಹೊರಗಿನವರನ್ನು ಹಾಕುವ ಬದಲು ಹೇಮಕ್ಕ ಮಾಡಬಹುದಲ್ಲ, ಮಕ್ಕಳ ಮುಖವೂ ಕಂಡ ಹಾಗಾಗುತ್ತದೆ.

"ಕೈ ನಿಮ್ಮತ್ರವೇ ಇರ್ಲಿ ಹೇಮಕ್ಕ," ಎಂದು ಕೋಣೆಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿ ಇಟ್ಟ. "ನೀವು ಎಷ್ಟು ಸಲ ಕೇಳಿದ್ದೀರಿ."

ಸುಗಂಧಿ ಒಳಗಿನಿಂದಲೇ, ಬೇಡವೆಂದು ಹೇಳಬೇಡಿ ಅಕ್ಕ ಎಂದು ಸನ್ನೆ ಮಾಡಿದಳು. ಹೇಮಕ್ಕ ಕೈ ಮಡಚಿದಳು.

ಭಾನುವಾರ ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಹಿಡಿಸೂಡಿ, ಬಾಲ್ದಿ ಹಿಡಿದು ಹೋದಳು. ಗಾಜಿನ ಬಾಗಿಲು ತೆಗೆದಳು. ಬಿಳಿ ಟೈಲ್ಸು ಕಣ್ಣು ಕುಕ್ಕುತ್ತಿತ್ತು. ಹಲಗೆಯ ಮೇಲೆ ಕಿಟ್ಟಿನ ಪೆಟ್ಟಿಗೆಗಳು ಅಂಗಡಿಯಲ್ಲಿಟ್ಟ ಹಾಗೆ ಸಾಲಾಗಿ ಕೂತಿದ್ದವು. ಈ ಕೋಣೆಯಲ್ಲಿ ಅವಳ ಕಾಲದಲ್ಲಿ ಭಾನುವಾರ ಮಧ್ಯಾಹ್ನ ಕಾಲಿಡಲಿಕ್ಕೆ ಜಾಗವಿರುತ್ತಿರಲಿಲ್ಲ. ಪೇಪರಿನ ಚೂರು, ಚೆಲ್ಲಿದ ಹೊಯಿಗೆ, ಒಣಗಿದ ಅಂಟು, ಟೊಮೆಟೊದ ರಸ. ಮಕ್ಕಳು ಹೋದ ಮೇಲೆ ಅದನ್ನು ಬಳಿದು ತೆಗೆಯುವಷ್ಟರಲ್ಲಿ ಸೊಂಟ ಬೀಳುತ್ತಿತ್ತು. ಅವಳು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಹಿಡಿಸೂಡಿ ಎಳೆದಳು. ಬಗ್ಗಿ ನೋಡಿದಳು. ಬೆಂಚಿನ ಅಡಿಗೆ ಕೈ ಹಾಕಿ ನೋಡಿದಳು. ಒಂದು ನೂಲಿನ ತುಂಡೂ ಇರಲಿಲ್ಲ.

ಬಾಗಿಲು ಹಾಕಿಕೊಂಡು, ಒದ್ದೆಯಾಗದ ಬಾಲ್ದಿಯನ್ನೂ ಹಿಡಿದುಕೊಂಡು ನೇರ ಜಿತೇಶನ ಮನೆಗೆ ಹೋದಳು. ಅವನು ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದ. ಬೀಗದ ಕೈಯನ್ನು ಅವನ ಎದುರಿನ ಕುರ್ಚಿಯ ಮೇಲೆ ಇಟ್ಟಳು.

"ಅಲ್ಲಿ ಗುಡಿಸ್ಲಿಕ್ಕೆ ಎಂತದೂ ಇಲ್ಲ ಜಿತೇಶ."

ಅವನ ಮುಖ ಅರಳಿತು. "ಅಲ್ವಾ ಹೇಮಕ್ಕ? ಅವರು ಅಷ್ಟು ನೀಟು."

ಹೇಮಕ್ಕ ಖಾಲಿ ಬಾಲ್ದಿ ಎತ್ತಿಕೊಂಡು ಮೆಟ್ಟಿಲಿಳಿದಳು.